ವಾಲಗ ಬೇಕು, ಊದುವುದು ಬೇಡವೇ?

ಬಾಗಿಲು ತೆರೆಯುತ್ತಲೇ ಕಾಗೆಗಳ ಸಂತೆಗೆ ಬಂದಂತಾಯಿತು. ಅಮೆರಿಕದ ಒಂದು ವಿಶ್ವವಿದ್ಯಾಲಯದ ಸಂಗೀತ ವಿಭಾಗ, ಶನಿವಾರ ಬೆಳಿಗ್ಗೆ ಎಂಟೂವರೆ. ಉದ್ದದ ಹಜಾರದಲ್ಲಿ ನಲವತ್ತು ಐವತ್ತು ಜನ ವಾದ್ಯದಿಂದ ರೀಡ್, ಅಂದರೆ ತುದಿಯ ಪೀಪಿ, ಬಿಚ್ಚಿ ಅದೊಂದನ್ನೇ ತುಟಿಗಿಟ್ಟು ಊದಿ ನೋಡುತ್ತಿದ್ದರು. ಆ ಸದ್ದಿಗೆ ಇಲ್ಲಿನವರು ‘ಕ್ರೋ’ ಅಂತಲೇ ಹೇಳುತ್ತಾರೆ, ಅಂದರೆ ಕಾಗೆಯ ಕೂಗು. ನನಗೆ ಆ ಕೂಗು ಹೊಸದಲ್ಲ. ಮದುವೆ ಚಪ್ಪರದ ಮೂಲೆಯಲ್ಲಿ ವಾಲಗದವರು ಪೀಪಿ ತೆಗೆದು ಒದ್ದೆ ಮಾಡಿ ಊದಿ ನೋಡುವುದನ್ನು ಚಿಕ್ಕಂದಿನಲ್ಲಿ ಎಷ್ಟು ಸಲ ಕೇಳಿಲ್ಲ! ಅದೇ ಕೂಗು.

ನಾನು ಓಬೋ ಊದುತ್ತೇನೆ, ಪಾಶ್ಚಾತ್ಯ ಸಂಗೀತದ ಒಂದು ಊದುವ ವಾದ್ಯ. ಕಲಿಯಲು ಶುರು ಮಾಡಿದ್ದು ನಲವತ್ತು ದಾಟಿದ ಮೇಲೆ. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ, ಇದು ಪ್ರೀತಿಗೆ. ನಾವಿರುವ ಭಾಗದ ಡಬಲ್ ರೀಡ್ ವಾದಕರೆಲ್ಲ ಸೇರುವ ಹಬ್ಬಕ್ಕೆ ಈ ಸಲ ಮೊದಲ ಬಾರಿ ಹೋಗಿದ್ದೆ. ಎರಡು ತೆಳು ಎಲೆಗಳು ಎದುರುಬದುರು ನಿಂತು ಉಸಿರಿಗೆ ನಡುಗಿ ನಾದ ಕೊಡುವ ವಾದ್ಯಗಳೆಲ್ಲ ಈ ಕುಲಕ್ಕೆ ಸೇರಿದವು. ಇಲ್ಲಿ ಓಬೋ, ಕೋರ್ ಆಂಗ್ಲೇ, ಬಸೂನ್. ನಮ್ಮಲ್ಲಿ ನಾಗಸ್ವರ, ಮುಖವೀಣೆ, ಮೌರಿ, ಶಹನಾಯಿ. ದೊಡ್ಡ ಮಟ್ಟದಲ್ಲಿ 1971ರಿಂದಲೇ ಇಂಟರ್‌ನ್ಯಾಷನಲ್ ಡಬಲ್ ರೀಡ್ ಸೊಸೈಟಿ ಇದೆ, ಅದರ ಸಮ್ಮೇಳನಗಳೂ ಇವೆ. ನಾನು ಹೋಗಿದ್ದು ಅಂಥದ್ದಕ್ಕಲ್ಲ, ಕಾರಿನಲ್ಲಿ ಹೋಗಿ ಸಂಜೆ ಮನೆಗೆ ಬರಬಹುದಾದ ಸಣ್ಣ ಹಬ್ಬಕ್ಕೆ.

ನನ್ನ ಮನಸ್ಸು ನಿಂತದ್ದು ರೀಡ್ ಕೋಣೆಯಲ್ಲಿ. ಮೂರು ಉದ್ದ ಮೇಜು, ಪ್ರತಿ ಕುರ್ಚಿಗೂ ಒಂದು ದೀಪ, ಸಣ್ಣ ಡಬ್ಬಿಯಲ್ಲಿ ನೀರು. ರೀಡ್ ಅಂದರೆ ಬಿದಿರಿನ ಹಾಗೆ ಪೊಳ್ಳಾಗಿ ಬೆಳೆಯುವ ಒಂದು ಹುಲ್ಲು, ಅಷ್ಟೇ. ಒಳ್ಳೆಯದು ದಕ್ಷಿಣ ಫ್ರಾನ್ಸಿನ ವಾರ್ ಪ್ರದೇಶದಿಂದ ಬರುತ್ತದೆ. ಅದನ್ನು ಸೀಳಿ, ಒಳಗಿನಿಂದ ತೋಡಿ ಸುಮಾರು 0.6 ಮಿಲಿಮೀಟರ್ ದಪ್ಪಕ್ಕೆ ತರುತ್ತಾರೆ. ಆಮೇಲೆ ಮಧ್ಯಕ್ಕೆ ಮಡಿಸಿ, ಪುಟ್ಟ ಲೋಹದ ಕೊಳವೆಗೆ ನೂಲಿನಿಂದ ಬಿಗಿದು ಕಟ್ಟಿ, ತುದಿ ಕತ್ತರಿಸಿ ಚಾಕುವಿನಿಂದ ಕೆರೆಯುತ್ತಾರೆ. ಇಷ್ಟೆಲ್ಲ ಮಾಡಿದ ರೀಡ್ ಚೆನ್ನಾಗಿ ನುಡಿಯುವುದು ಕೆಲವೇ ವಾರ. ಕೊಂಡುಕೊಂಡರೆ ಒಂದಕ್ಕೆ 25–30 ಡಾಲರ್. ಹಾಗಾಗಿ ಓಬೋ ಹಿಡಿದವರು ಇವತ್ತಲ್ಲ ನಾಳೆ ಚಾಕು ಹಿಡಿಯಲೇಬೇಕು.

ನನ್ನ ಪಕ್ಕ ಬಂದು ಕೂತವರು ಒಂದು ಆರ್ಕೆಸ್ಟ್ರಾದಲ್ಲಿ ಬಹಳ ವರ್ಷ ಊದಿದ ಹಿರಿಯರು. ನನ್ನ ರೀಡ್ ತೆಗೆದುಕೊಂಡು ದೀಪಕ್ಕೆ ಹಿಡಿದರು. ಬೆಳಕಿನಲ್ಲಿ ಅದರ ಒಳಗೆಲ್ಲ ಕಾಣುತ್ತದೆ. ತುದಿ ತಿಳಿಯಾಗಿ, ಅದರ ಕೆಳಗೆ ‘ಹೃದಯ’ ಸ್ವಲ್ಪ ಕಪ್ಪಗೆ, ಇನ್ನೂ ಕೆಳಗೆ ಎರಡು ಪಕ್ಕ ‘ಕಿಟಕಿ’ಗಳು. “ನಿಮ್ಮ ಎಡಗಡೆ ದಪ್ಪ ಉಳಿದಿದೆ, ಕಾಣ್ತಿದೆಯಾ?” ಅಂದರು. ಎರಡು ಎಲೆಗಳ ನಡುವೆ ಉಗುರಿನಷ್ಟು ತಗಡು ತೂರಿಸಿ, ತುದಿಯ ಎಡ ಮೂಲೆಯಲ್ಲಿ ಚಾಕು ಮೂರು ಸಲ ಆಡಿಸಿದರು. ಕಪ್ಪು ಬಟ್ಟೆಯ ಮೇಲೆ ಬಿದ್ದದ್ದು ಹಿಟ್ಟಿನಂಥ ಪುಡಿ, ಊದಿದರೆ ಹಾರಿಹೋಗುವಷ್ಟು. ಕೊಟ್ಟು, ಈಗ ನುಡಿಸಿ ಅಂದರು. ವಾರಗಟ್ಟಲೆ ನನ್ನ ಕೈಗೆ ಬಾರದಿದ್ದ ಕೆಳಗಿನ ಸ್ವರ ಉಸಿರು ತಾಕಿದ ಕೂಡಲೇ ಬಂತು. ಕಣ್ಣಲ್ಲಿ ನೀರು ಬಂತು ಅಂದರೆ ಉತ್ಪ್ರೇಕ್ಷೆ ಅಲ್ಲ.

ಹೀಗೆ ಉದ್ದಕ್ಕೆ ಕೆರೆಯುವುದು ಅಮೆರಿಕದ ಪದ್ಧತಿ, ಯುರೋಪಿನಲ್ಲಿ ಗಿಡ್ಡವಾಗಿ ಕೆರೆಯುತ್ತಾರೆ. ಈ ಪದ್ಧತಿಯ ಮೂಲಪುರುಷ ಮಾರ್ಸೆಲ್ ಟಾಬುಟೋ. 1915ರಿಂದ 1954ರವರೆಗೆ ಫಿಲಡೆಲ್ಫಿಯಾ ಆರ್ಕೆಸ್ಟ್ರಾದಲ್ಲಿ ಮುಖ್ಯ ಓಬೋ ವಾದಕರಾಗಿದ್ದವರು. ಹಿರಿಯರು ತಮ್ಮ ಗುರು ಯಾರು, ಆ ಗುರುವಿನ ಗುರು ಯಾರು ಅಂತ ಹೇಳುತ್ತಾ ಟಾಬುಟೋವರೆಗೆ ಹೋದರು. ಪರಂಪರೆ ಹೇಳಿಕೊಳ್ಳುವುದು ನಮ್ಮವರ ರೂಢಿ ಅಂದುಕೊಂಡಿದ್ದೆ. ಇವರಲ್ಲೂ ಇದೆ. ಆದರೆ ಆ ಪರಂಪರೆಯ ಒಂದು ತುಣುಕನ್ನು ಅವರು ನನ್ನಂಥ ಹವ್ಯಾಸಿಗೆ ಹೀಗೆ ಸಲೀಸಾಗಿ ಕೊಟ್ಟರಲ್ಲ, ಅದನ್ನು ನಾನು ಬಹಳ ದಿನ ಮರೆಯಲಾರೆ.

ಮಧ್ಯಾಹ್ನ ಎಲ್ಲರೂ ಸೇರಿ ನುಡಿಸಿದ್ದು ಹದಿನೆಂಟನೇ ಶತಮಾನದ ಸಂಗೀತಕಾರ ಹ್ಯಾಂಡಲ್ ಬರೆದ ಬಾಣಬಿರುಸಿನ ಸಂಗೀತ. 1749ರ ಏಪ್ರಿಲ್‌ನಲ್ಲಿ ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ, ಬಯಲಲ್ಲಿ ನುಡಿಸಲು ಬರೆದದ್ದು. ರಾಜನಿಗೆ ತಂತಿವಾದ್ಯ ಬೇಡವಾಗಿತ್ತು, ಹಾಗಾಗಿ 24 ಓಬೋ, 12 ಬಸೂನ್, ಜೊತೆಗೆ ತುತ್ತೂರಿ, ಕೊಂಬು, ನಗಾರಿ. ಯೋಚಿಸಿ ನೋಡಿ, ಬಯಲು, ಜನಜಂಗುಳಿ, ನಗಾರಿ, ಊದುವ ವಾದ್ಯ. ಇದು ವಾಲಗವೇ ಅಲ್ವಾ! ನನ್ನ ಎಡಕ್ಕೆ ಹನ್ನೆರಡು ವರ್ಷದ ಹುಡುಗಿ, ಬಲಕ್ಕೆ ಎಪ್ಪತ್ತು ದಾಟಿದ ನಿವೃತ್ತ ಅಂಚೆ ನೌಕರರು. ಹಿಂದಿನ ಸಾಲಿನಲ್ಲಿ ರೀಡ್ ಕೋಣೆಯ ಹಿರಿಯರು. ನುಡಿಸಿ ಮುಗಿದ ಮೇಲೂ ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ.

ಮನೆಗೆ ಬರುತ್ತಾ ದಾರಿಯುದ್ದಕ್ಕೂ ಊರಿನದೇ ಯೋಚನೆ. ವಾಲಗ ಇಲ್ಲದೆ ನಮ್ಮಲ್ಲಿ ಮದುವೆ ಇಲ್ಲ, ತೇರು ಇಲ್ಲ, ದೇವರ ಉತ್ಸವ ಇಲ್ಲ. ಅಷ್ಟು ಬೇಕಾದ ವಾದ್ಯವನ್ನು ನಾವು ಮಾತ್ರ ಮುಟ್ಟುವುದಿಲ್ಲ. ಜಾತ್ರೆಯಲ್ಲಿ ಕೊಂಡ ಪೀಪಿಯನ್ನು ಇಡೀ ದಿನ ಊದುತ್ತಿದ್ದ ನನಗೆ ಅಜ್ಜಿ ಹೇಳಿದ್ದು ಇನ್ನೂ ನೆನಪಿದೆ, “ಅದು ನಮ್ಮ ಮನೆಯೋರು ಮಾಡೋ ಕೆಲ್ಸ ಅಲ್ಲ ಕಣೋ.” ಅಜ್ಜಿ ಕೆಟ್ಟವಳಲ್ಲ. ಊರೆಲ್ಲ ನಂಬಿದ್ದನ್ನೇ ಅವಳೂ ಹೇಳಿದಳು. ಊದುವುದನ್ನು ಕೆಲವೇ ಜಾತಿ, ಕೆಲವೇ ಮನೆತನಗಳಿಗೆ ಬಿಟ್ಟು, ಕೇಳುವುದನ್ನು ಮಾತ್ರ ನಾವಿಟ್ಟುಕೊಂಡೆವು. ಗಾಯನ ಕಲಿಸುತ್ತೇವೆ, ವೀಣೆ, ವಯೊಲಿನ್ ಕಲಿಸುತ್ತೇವೆ. ಮಗುವನ್ನು ನಾಗಸ್ವರದ ಪಾಠಕ್ಕೆ ಕಳಿಸುವ ಮನೆ ಎಷ್ಟಿವೆ?

ಮಾತಿನಲ್ಲೂ ಅದು ಕಾಣುತ್ತದೆ. ಇಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಾರೆ, ಆದರೂ ಆ ಹಿರಿಯರು ಕೋಣೆಗೆ ಬಂದಾಗ ಗೌರವಕ್ಕೆ ಕುರ್ಚಿಗಳು ತಾವಾಗಿಯೇ ಸರಿದವು. ನಮ್ಮಲ್ಲಿ ಹಿರಿಯರಿಗೆ ಬಹುವಚನ ತಪ್ಪಿದರೆ ಬೈಗುಳ ಗ್ಯಾರಂಟಿ. ಆದರೆ ಮುಹೂರ್ತದ ಹೊತ್ತಿಗೆ ಅರವತ್ತು ವರ್ಷದ ನಾಗಸ್ವರದವರಿಗೆ “ಏಯ್, ಗಟ್ಟಿಮೇಳ, ಗಟ್ಟಿಮೇಳ!” ಅಂತ ಬೆರಳಾಡಿಸಿ ಕೂಗುವುದು ಯಾರಿಗೂ ತಪ್ಪಾಗಿ ಕಾಣುವುದಿಲ್ಲ. ನಾನೂ ಕೂಗಿದ್ದೇನೆ. ಅವರು ಅಲ್ಲಿ ತೋಡಿ ರಾಗ ನುಡಿಸುತ್ತಿದ್ದರೋ ಕಲ್ಯಾಣಿಯೋ ಯಾರು ಕೇಳಿಸಿಕೊಂಡರು?

ಇಲ್ಲಿನ ಪದ್ಧತಿಯೆಲ್ಲ ಮೇಲು ಅಂತ ನಾನು ಹೇಳುತ್ತಿಲ್ಲ. ಸ್ವರ ಬರೆದ ಕಾಗದ ಮುಂದಿನಿಂದ ತೆಗೆದರೆ ಇಲ್ಲಿ ಬಹಳ ಜನ ಊದಲಾರರು, ನಾನೂ ಆ ಗುಂಪಿನವನೇ. ಓಬೋ ಮೈತುಂಬ ಬೆರಳಿನಿಂದ ಒತ್ತುವ ಕೀಲಿಗಳು. ನಾಗಸ್ವರಕ್ಕೆ ಒಂದೂ ಇಲ್ಲ. ಬೆರಳಿಗೆ 7 ರಂಧ್ರ, ಮಿಕ್ಕಿದ್ದೆಲ್ಲ ತುಟಿ ಮತ್ತು ಉಸಿರು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕವನ್ನು ಅಷ್ಟರಲ್ಲೇ ತರುತ್ತಾರೆ. ಇಲ್ಲಿ ಕಛೇರಿಯ ಮೊದಲು ಓಬೋ ಒಂದು ‘ಎ’ ಸ್ವರ ಕೊಡುತ್ತದೆ, ಎಲ್ಲರೂ ಶ್ರುತಿ ಮಾಡಿಕೊಳ್ಳುತ್ತಾರೆ, ಅಲ್ಲಿಗೆ ಆ ಸ್ವರದ ಕೆಲಸ ಮುಗಿಯಿತು. ನಮ್ಮಲ್ಲಿ ಶ್ರುತಿ ಕೊನೇ ತನಕ ಬಿಡದೆ ಹಿಂದೆಯೇ ನಿಂತಿರುತ್ತದೆ.

ನಾಗಸ್ವರದ ಈ ವಿಷಯವನ್ನು ಅವತ್ತು ಹಬ್ಬದ ಊಟದ ಬಿಡುವಿನಲ್ಲಿ ಮೇಜಿನ ಸುತ್ತ ಕೂತವರಿಗೆ ಹೇಳಿದೆ. ಫೋನಿನಲ್ಲಿ ಟಿ. ಎನ್. ರಾಜರತ್ನಂ ಪಿಳ್ಳೆಯವರ ನಾಗಸ್ವರ, ಆಮೇಲೆ ಬಿಸ್ಮಿಲ್ಲಾ ಖಾನರ ಶಹನಾಯಿ ಕೇಳಿಸಿದೆ. ಹಿರಿಯರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಒಂದೇ ಪ್ರಶ್ನೆ. “ಆ ರೀಡ್ ಹೇಗೆ ಮಾಡ್ತಾರೆ?” ನನಗೆ ಉತ್ತರ ಗೊತ್ತಿರಲಿಲ್ಲ. ನೂರಾರು ಮದುವೆಯಲ್ಲಿ ಆ ವಾದ್ಯದ ಪಕ್ಕದಲ್ಲೇ ಓಡಾಡಿದವನು ನಾನು. ಅದಕ್ಕೆ ದಾರದಲ್ಲಿ ಕಟ್ಟಿ ತೂಗಾಡುತ್ತಿದ್ದ ರೀಡುಗಳು ಕಣ್ಣಿಗೆ ಕಟ್ಟಿದ ಹಾಗಿವೆ. ನಾವು ಓಬೋದವರು ರೀಡನ್ನು ಮಖಮಲ್ಲಿನ ಡಬ್ಬಿಯಲ್ಲಿ ಬಚ್ಚಿಟ್ಟರೆ, ಅವರು ಎಲ್ಲರಿಗೂ ಕಾಣುವಂತೆ ನೇತುಹಾಕಿರುತ್ತಾರೆ. ಒಂದು ದಿನವೂ ಹೋಗಿ ಕೇಳಲಿಲ್ಲ.

ಅದಕ್ಕೇ ನನ್ನ ಒಂದು ಆಸೆ. ನಮ್ಮ ಊದುವ ವಾದ್ಯಗಳಿಗೂ ಇಂಥದ್ದೊಂದು ದಿನ ಬೇಕು. ಕರ್ನಾಟಕದ ಯಾವುದೇ ಸಂಗೀತ ಕಾಲೇಜಿನಲ್ಲಿ ಎರಡು ಕೋಣೆ ಸಿಕ್ಕರೆ ಸಾಕು. ವಾಲಗದವರು ಗುರುಗಳಾಗಿ ಬರಬೇಕು, ಅವರಿಗೆ ಸರಿಯಾದ ಸಂಭಾವನೆ ಸಿಗಬೇಕು. ಉತ್ತರ ಕರ್ನಾಟಕದ ಸನಾದಿಯವರೂ ಹಳೇ ಮೈಸೂರಿನ ನಾಗಸ್ವರದವರೂ ಕರಾವಳಿಯವರೂ ಒಂದೇ ಮೇಜಿಗೆ ಕೂತು ಪೀಪಿ ತೋರಿಸಬೇಕು. ಕಲಿಯುವ ಆಸೆ ಇರುವ ಯಾರು ಬೇಕಾದರೂ ಬರಲಿ, ಜಾತಿ ಕೇಳದೆ, ವಯಸ್ಸು ಕೇಳದೆ.

ಹವ್ಯಾಸಿಗಳು ಬಂದರೆ ವಾಲಗದವರ ಅನ್ನಕ್ಕೆ ಕುತ್ತು ಅಂತ ಊರಿನ ಗೆಳೆಯನೊಬ್ಬ ಅಂದ. ನನಗೆ ಹಾಗನ್ನಿಸುವುದಿಲ್ಲ. ಹಬ್ಬದಲ್ಲಿ ಚಾಕು, ನೂಲು, ರೀಡ್ ಮಾರುವ ಮೇಜುಗಳ ಮುಂದೆ ಜಾಸ್ತಿ ನಿಂತಿದ್ದವರು ನಾವು ಹವ್ಯಾಸಿಗಳೇ. ಪಾಠಕ್ಕೆ ದುಡ್ಡು ಕೊಡುವವರು, ಕಛೇರಿಗೆ ಟಿಕೆಟ್ ಕೊಳ್ಳುವವರು, ಮಕ್ಕಳನ್ನು ಕರೆತರುವವರೂ ನಾವೇ. ಒಂದು ಸ್ವರ ಹಿಡಿಯಲು ಎಷ್ಟು ಕಷ್ಟ ಅಂತ ಸ್ವತಃ ಗೊತ್ತಿರುವವನು ಗುರುವಿಗೆ “ಏಯ್” ಅನ್ನುವುದಿಲ್ಲ. ನಮ್ಮ ಹೊರನಾಡ ಕನ್ನಡ ಸಂಘಗಳಿಗೂ ಒಂದು ಮಾತು. ರಾಜ್ಯೋತ್ಸವಕ್ಕೆ ಸ್ಪೀಕರಿನಲ್ಲಿ ಧ್ವನಿಮುದ್ರಿತ ವಾಲಗ ಹಾಕಿದ್ದು ಸಾಕು. ಒಂದು ವರ್ಷ ಸಿನಿಮಾ ಗಾಯಕರ ಬದಲು ಒಬ್ಬ ನಾಗಸ್ವರದವರನ್ನು, ಒಬ್ಬ ಡೋಲಿನವರನ್ನು ಕರೆಸೋಣ.

ಮುಂದಿನ ವರ್ಷದ ಹಬ್ಬದಲ್ಲಿ ನಾಗಸ್ವರಕ್ಕೆ ಅರ್ಧ ಗಂಟೆ ಕೊಡುತ್ತೀರಾ ಅಂತ ಇಲ್ಲಿನ ವ್ಯವಸ್ಥಾಪಕರನ್ನು ಕೇಳಿದ್ದೆ. ಅರ್ಧ ಗಂಟೆ ಸಾಲದು, ಒಂದು ಗಂಟೆ ತಗೊಳ್ಳಿ ಅಂದರು. ರೀಡ್ ಕೋಣೆಯಲ್ಲೂ ಒಂದು ಮೇಜು ಬಿಟ್ಟುಕೊಡುತ್ತಾರಂತೆ. ಈಗ ಊದುವವರು ಬೇಕು. ಡಿಸೆಂಬರಿನಲ್ಲಿ ಊರಿಗೆ ಹೋಗುತ್ತಿದ್ದೇನೆ. ನಮ್ಮ ಮನೆಯ ಮದುವೆಗಳಿಗೆಲ್ಲ ಊದಿದ ಹಿರಿಯರು ಇನ್ನೂ ಇದ್ದಾರೆ, ಅವರ ಮಗನೂ ಊದುತ್ತಾರೆ. ಮೊದಲು ಅವರ ಮನೆಗೆ ಹೋಗಿ, ಅವರು ಪೀಪಿ ಕಟ್ಟುವುದನ್ನು ಕೂತು ನೋಡಬೇಕು.