ಮಳೆ ಅಲ್ಲೆಲ್ಲೋ, ಹೊಳೆ ಇಲ್ಲಿ

ಅಮೆರಿಕದಲ್ಲಿ ಸೆಪ್ಟೆಂಬರ್ ಮೊದಲ ಸೋಮವಾರ ಬರುವ ಲೇಬರ್ ಡೇ ರಜೆ ಹತ್ತಿರ ಬಂತು. ಅರಿಜೋನಾ ನೋಡಲು ಬರುವ ನಮ್ಮವರ ಫೋನುಗಳೂ ಶುರುವಾದವು. "ಸೆಡೋನಾ, ಗ್ರ್ಯಾಂಡ್ ಕ್ಯಾನ್ಯನ್, ಆ್ಯಂಟಿಲೋಪ್ ಕ್ಯಾನ್ಯನ್, ಮೂರು ದಿನಕ್ಕೆ ಆಗುತ್ತಾ?" ಆಗುತ್ತದೆ. ಆದರೆ ಮಳೆ ಬಂದರೆ ಪ್ಲಾನ್ ಬಿಟ್ಟುಬಿಡಿ. ಇದನ್ನು ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಸಾಗರದ ಕಡೆಯವಳು. ಅರಿಜೋನಾದ ಫೀನಿಕ್ಸ್ ನಗರಕ್ಕೆ ಬಂದಾಗ ಮಳೆ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಿಲ್ಲ ಅಂದುಕೊಂಡಿದ್ದೆ. ಇಲ್ಲಿ ವರ್ಷಕ್ಕೆ ಬೀಳುವುದು ಸುಮಾರು 7 ಇಂಚು. ಆಗುಂಬೆಯಲ್ಲಿ ಜೋರು ಮಳೆಯ ಒಂದೇ ದಿನ ಅಷ್ಟು ಸುರಿಯುತ್ತದೆ. ಇಲ್ಲಿಯವರೂ ಇದನ್ನು ಮಾನ್ಸೂನ್ ಅಂತಲೇ ಕರೆಯುತ್ತಾರೆ. ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ. ಬೇಸಿಗೆಯ ಕಾವಿಗೆ ಗಾಳಿ ದಿಕ್ಕು ಬದಲಿಸಿ, ಮೆಕ್ಸಿಕೋ ಕಡೆಯಿಂದ, ಕ್ಯಾಲಿಫೋರ್ನಿಯಾ ಕೊಲ್ಲಿಯಿಂದ ತೇವ ಹೊತ್ತು ತರುತ್ತದೆ. ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಮಧ್ಯಾಹ್ನ ಬೆಟ್ಟದ ಮೇಲೆ ಹೂಕೋಸಿನಂಥ ಮೋಡ ಏಳುತ್ತದೆ. ಸಂಜೆಗೆ ಗುಡುಗು, ಸಿಡಿಲು.

ಕೆಲವು ವರ್ಷದ ಹಿಂದೆ ಇದೇ ರಜೆಯಲ್ಲಿ ಅಮ್ಮ, ನಾನು, ಬೆಂಗಳೂರಿಂದ ಬಂದಿದ್ದ ಭಾವ ಸೆಡೋನಾಗೆ ಹೊರಟಿದ್ದೆವು. ನಗರ ದಾಟಿ ಒಳದಾರಿ ಹಿಡಿದಿದ್ದೆವು. ಒಂದು ಕಡೆ ರಸ್ತೆ ತಗ್ಗಿಗೆ ಇಳಿದು, ಒಣಗಿದ ಹಳ್ಳ ದಾಟಿ, ಮತ್ತೆ ಮೇಲೇರುತ್ತದೆ. ಇಂಥ ಹಳ್ಳಕ್ಕೆ ಇಲ್ಲಿ ವಾಶ್ ಅನ್ನುತ್ತಾರೆ. ನೀರು ಇದ್ದಾಗ ಇಳಿಯಬೇಡಿ ಅಂತ ಬೋರ್ಡೂ ಇತ್ತು. ನೆತ್ತಿ ಸುಡುವ ಬಿಸಿಲು. ದೂರದ ಬೆಟ್ಟ ಮಾತ್ರ ಕಪ್ಪಾಗಿತ್ತು.

ಆಗ ನೀರು ಬಂತು. ಹರಿದು ಬಂತು ಅನ್ನುವುದಕ್ಕಿಂತ ತೆವಳಿಕೊಂಡು ಬಂತು. ಮುಂದೆ ಕಂದು ನೊರೆ, ನೊರೆಯ ಮೇಲೆ ಕಡ್ಡಿ, ಒಣ ಎಲೆ. ಮರಳಿನ ಮೇಲೆ ಸುರ್ ಅಂತ ಸದ್ದು.

"ಪಾದವೂ ಮುಳುಗಲ್ಲ, ದಾಟಿಬಿಡೋಣ" ಅಂದರು ಭಾವ.

"ಬೇಡಪ್ಪಾ, ನಿಲ್ಸು" ಅಂದಳು ಅಮ್ಮ. ಆಮೇಲೆ ನನ್ನ ಕಡೆ ತಿರುಗಿ, "ಮಳೆನೇ ಇಲ್ವಲ್ಲೇ, ಈ ನೀರು ಎಲ್ಲಿಂದ ಬಂತು?"

ಹತ್ತು ನಿಮಿಷದಲ್ಲಿ ಆ ತಗ್ಗಿನಲ್ಲಿ ಒಂದು ಇಡೀ ಮರ ಉರುಳಿಕೊಂಡು ಹೋಯಿತು. ನಾವು ಎರಡು ಗಂಟೆ ಕಾರಿನಲ್ಲೇ ಕೂತೆವು. ಡಬ್ಬದಲ್ಲಿದ್ದ ಕೋಡುಬಳೆ ಮುಗಿಯಿತು. ಭಾವ ಮಾತೇ ಆಡಲಿಲ್ಲ.

ಅಮ್ಮನ ಪ್ರಶ್ನೆಗೆ ಉತ್ತರ ಇಲ್ಲಿನ ನೆಲದಲ್ಲೇ ಇದೆ. ಮಲೆನಾಡಿನ ಮಣ್ಣು ನೀರು ಕುಡಿಯುತ್ತದೆ. ಇಲ್ಲಿ ಬೋಳು ಬಂಡೆ, ಸುಟ್ಟು ಗಟ್ಟಿಯಾದ ನೆಲ. ಬೆಟ್ಟದ ಮೇಲೆ ಅರ್ಧ ಗಂಟೆ ಹೊಯ್ದದ್ದು ಅಷ್ಟೂ ಹಳ್ಳಕ್ಕೇ ಇಳಿಯುತ್ತದೆ. 1997ರ ಆಗಸ್ಟ್ 12ರಂದು ಆ್ಯಂಟಿಲೋಪ್ ಕ್ಯಾನ್ಯನ್ ಅನ್ನುವ ಕಿರಿದಾದ ಕಲ್ಲಿನ ಕಂದರದಲ್ಲಿ 11 ಪ್ರವಾಸಿಗರು ಹೀಗೇ ಕೊಚ್ಚಿಹೋದರು. ಜೋರು ಮಳೆ ಬಿದ್ದದ್ದು ಮೈಲಿಗಟ್ಟಲೆ ಮೇಲೆ. ಹಾಗಾಗಿ ನೀವಿರುವ ಜಾಗದ ಹವಾಮಾನ ನೋಡಿದರೆ ಸಾಲದು, ನೀರು ಬರುವ ಕಡೆಯದ್ದನ್ನೂ ನೋಡಿ. ಗೈಡ್ ಇವತ್ತು ಬೇಡ ಅಂದರೆ, ದುಡ್ಡು ಕಟ್ಟಿದ್ದೇವೆ ಅಂತ ವಾದ ಮಾಡಬೇಡಿ, ದಯವಿಟ್ಟು.

ಬ್ಯಾರಿಕೇಡ್ ಸುತ್ತಿ ನೀರಿಗಿಳಿದು ಸಿಕ್ಕಿಕೊಂಡರೆ, ಎತ್ತಿದ ಖರ್ಚು ನಿಮ್ಮ ಮೇಲೇ ಬರಬಹುದು. 1995ರಿಂದ ಅದಕ್ಕೆ ಕಾನೂನಿದೆ. ನಗರದೊಳಗೂ ಹುಷಾರು. 2014ರ ಸೆಪ್ಟೆಂಬರ್ 8ರಂದು ಫೀನಿಕ್ಸ್‌ನಲ್ಲಿ ಒಂದೇ ದಿನ 3.30 ಇಂಚು ಬಿತ್ತು. ಹೆದ್ದಾರಿಯಲ್ಲೇ ಕಾರುಗಳು ಮುಳುಗಿದವು.

ಮಳೆಗಾಳಿಗೆ ಧೂಳಿನ ಗೋಡೆ ಎದ್ದರೆ ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ಬಂದು ಕಾರು ನಿಲ್ಲಿಸಿ. ಎಲ್ಲ ಲೈಟೂ ಆರಿಸಿ, ಬ್ರೇಕಿನಿಂದ ಕಾಲೂ ತೆಗೆಯಿರಿ. ಹಿಂದಿನವರು ನಿಮ್ಮ ಕೆಂಪು ದೀಪ ನೋಡಿ, ಅದೇ ದಾರಿ ಅಂದುಕೊಂಡು ಬಂದು ಗುದ್ದುತ್ತಾರೆ.

ಇಷ್ಟೆಲ್ಲ ಹೇಳಿದ್ದು ಹೆದರಿಸುವುದಕ್ಕಲ್ಲ. 2023ರಲ್ಲಿ ಸತತ 31 ದಿನ 43 ಡಿಗ್ರಿ ದಾಟಿದ ಊರು ಇದು. ಇಲ್ಲಿ ಮಳೆಗಾಗಿ ಕಾಯುವುದು ಏನು ಅಂತ ಗೊತ್ತಾಗಿದೆ. ಮೊದಲ ಹನಿ ಬಿದ್ದಾಗ ಕ್ರಿಯೋಸೋಟ್ ಅನ್ನುವ ಪೊದೆ ಒಂದು ವಾಸನೆ ಬಿಡುತ್ತದೆ. ನಮ್ಮ ಮಣ್ಣಿನ ವಾಸನೆಯಲ್ಲ, ಸ್ವಲ್ಪ ಖಾರ, ಸ್ವಲ್ಪ ಔಷಧಿ ಅಂಗಡಿ. ಅವತ್ತು ನೀರು ಇಳಿಯುವುದನ್ನು ಕಾಯುತ್ತಾ ಅಮ್ಮ ಕಾರಿನಿಂದ ಇಳಿದು, ಆ ಎಲೆ ಬೆರಳಲ್ಲಿ ಹೊಸಕಿ ಮೂಸಿದಳು. ಆಮೇಲೆ ಭಾವನ ಮೂಗಿಗೂ ಹಿಡಿದಳು.

ಈಗ ಪ್ರತಿ ಆಗಸ್ಟಿನಲ್ಲಿ ಸಾಗರದಿಂದ ಫೋನ್ ಮಾಡಿದಾಗ ಅವಳು ಮಳೆ ಬಂತಾ ಅಂತ ಕೇಳುವುದಿಲ್ಲ. "ಆ ಸೊಪ್ಪಿನ ವಾಸನೆ ಬಂತೇನೇ?" ಅನ್ನುತ್ತಾಳೆ.