ವಿಮಾನದಲ್ಲಿ ಬಂದ ಬೀದಿನಾಯಿ

ಬನಶಂಕರಿಯ ನಮ್ಮ ಬೀದಿಯಲ್ಲಿ ಹನ್ನೊಂದು ನಾಯಿಗಳಿವೆ. ಬೇಕರಿಯ ಮುಂದೆ ನಾಲ್ಕು, ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಮೂರು, ಉಳಿದವು ಯಾರ ಕಾರಿನ ಮೇಲೆ ಎಳೆಬಿಸಿಲು ಬಿದ್ದಿರುತ್ತದೋ ಆ ಕಾರಿನ ಮೇಲೆ. 2023ರಲ್ಲಿ ಮಹಾನಗರ ಪಾಲಿಕೆ ನಡೆಸಿದ ಗಣತಿಯ ಪ್ರಕಾರ ಬೆಂಗಳೂರಿನಲ್ಲಿದ್ದ ಬೀದಿನಾಯಿಗಳು ಸುಮಾರು 2.79 ಲಕ್ಷ. ಇಷ್ಟು ಸಾಲದೆಂದು ನನ್ನ ಮಗಳು ಜರ್ಮನಿಯಿಂದ ಇನ್ನೊಂದನ್ನು ತಂದಳು.

ಕೆಲಸದ ಮೇಲೆ ಲೈಪ್ಸಿಗ್‌ನಲ್ಲಿ ಐದು ವರ್ಷ ಇದ್ದವಳು, ಎರಡನೇ ಚಳಿಗಾಲದಲ್ಲಿ ಒಂಟಿತನ ತಡೆಯಲಾರದೆ ನಾಯಿ ಸಾಕಿಕೊಂಡಳು. ಅದು ಜರ್ಮನಿಯದೂ ಅಲ್ಲ. ರುಮೇನಿಯಾದ ಬೀದಿಯಲ್ಲಿ ಹಿಡಿದು ಆಶ್ರಯತಾಣದಲ್ಲಿ ಇಟ್ಟಿದ್ದ ನಾಯಿ. ಅಲ್ಲಿಂದ ಜರ್ಮನಿಗೆ, ಇಂಗ್ಲೆಂಡಿಗೆ ಇಂಥ ನಾಯಿಗಳು ವ್ಯಾನು ಹತ್ತಿ ಹೋಗುತ್ತವೆ, ನಮ್ಮ ಹುಡುಗರು ಎಂ.ಎಸ್. ಓದಲು ಹೋದ ಹಾಗೆ. ಹೆಸರು ಮಿರ್ಚಾ. ಅದು ಅಲ್ಲಿನ ಹಳೆಯ ಕಾಲದ ದೊರೆಯೊಬ್ಬನ ಹೆಸರು ಎಂದು ಮಗಳು ಗಂಭೀರವಾಗಿ ವಿವರಿಸಿದಳು. ನಮ್ಮ ಹೊಸ್ತಿಲು ದಾಟಿದ ಹತ್ತು ನಿಮಿಷದಲ್ಲಿ ದೊರೆ ಮಿರ್ಚಿಯಾದ.

"ಅಲ್ಲ ಕಣೇ, ಅಲ್ಲಿ ಬೀದಿಯಲ್ಲಿ ಬಿದ್ದಿದ್ದುದನ್ನು ಇಲ್ಲಿಗೆ ತಂದೆಯಾ? ವಿಮಾನದಲ್ಲಿ?" ಎಂದು ಎಂಬತ್ತೊಂದರ ನನ್ನ ತಾಯಿ ಮೊಮ್ಮಗಳನ್ನು ಕೇಳಿದರು. ಖರ್ಚೆಷ್ಟಾಯಿತು ಎಂದೂ ಕೇಳಿದರು. ಆ ಮೊತ್ತವನ್ನು ಅವರಿಗೆ ನಾವು ಇಂದಿಗೂ ಹೇಳಿಲ್ಲ.

ಮಿರ್ಚಿಯ ಕಾಗದಪತ್ರಗಳ ಫೈಲು ನನ್ನ ಪಿಂಚಣಿಯ ಫೈಲಿಗಿಂತ ದಪ್ಪವಿದೆ. ಐರೋಪ್ಯ ಒಕ್ಕೂಟದ ನೀಲಿ ಬಣ್ಣದ ಪಾಸ್‌ಪೋರ್ಟ್ ಉಂಟು. ಕತ್ತಿನ ಚರ್ಮದಡಿ ಅಕ್ಕಿಕಾಳಿನಷ್ಟು ದೊಡ್ಡ ಚಿಪ್ ಉಂಟು. ಅದರಲ್ಲಿ 15 ಅಂಕಿಗಳ ಸಂಖ್ಯೆ. ನನ್ನ ಆಧಾರ್‌ಗೆ ಇರುವುದು 12. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ ಒಂದು ತಿಂಗಳು ಕಾದು, ಆರೋಗ್ಯ ಪ್ರಮಾಣಪತ್ರ ಮಾಡಿಸಿ, ಇಲ್ಲಿಗೆ ಬಂದಿಳಿದ ಮೇಲೆ ಪ್ರಾಣಿ ಕ್ವಾರಂಟೈನ್ ಸೇವೆಯವರಿಂದ ನಿರಾಕ್ಷೇಪಣಾ ಪತ್ರ ಪಡೆದು ಹೊರಗೆ ಬರಬೇಕು. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಕಾಯುತ್ತ ನಿಂತಿದ್ದಾಗ ಧರ್ಮರಾಯ ನೆನಪಾದ. ಹಿಂದೆ ಬಂದ ನಾಯಿಯನ್ನು ಒಳಗೆ ಬಿಡುವುದಿಲ್ಲವೆಂದು ಇಂದ್ರ ಸ್ವರ್ಗದ ಬಾಗಿಲಲ್ಲೇ ತಡೆದನಲ್ಲ, ಪಾಪ ಆ ಮನುಷ್ಯನ ಬಳಿ ಒಂದು ಫೈಲೂ ಇರಲಿಲ್ಲ.

ಮರುದಿನ ಎದುರು ಮನೆಯ ರಾಯರು ವಿದೇಶಿ ನಾಯಿಯನ್ನು ನೋಡಲೆಂದೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ, "ಇದು ನಮ್ಮ ಬೇಕರಿಯ ನಾಯಿಯ ಹಾಗೆಯೇ ಇದೆಯಲ್ಲ ಸ್ವಾಮಿ" ಎಂದರು. ಹಾಗೆಯೇ ಇತ್ತು. ಕಂದು ಮೈ, ಬಾಲದ ತುದಿಯಲ್ಲಿ ಬಿಳಿ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಚಿದ ಲಕೋಟೆಯಂತೆ. ವ್ಯತ್ಯಾಸ ಹುಡುಕಲೇಬೇಕೆಂದರೆ ನೆಟ್ಟಗಿನ ಕಿವಿಯಲ್ಲಿ ಒಂದು ತೂತಿತ್ತು. ರುಮೇನಿಯಾದಲ್ಲಿ ಸಂತಾನಹರಣ ಚಿಕಿತ್ಸೆಯಾದ ನಾಯಿಯ ಕಿವಿಗೆ ಬಣ್ಣದ ಪ್ಲಾಸ್ಟಿಕ್ ಬಿಲ್ಲೆ ಚುಚ್ಚುತ್ತಾರೆ. ನಮ್ಮಲ್ಲಿ ಕಿವಿಯ ಅಂಚನ್ನು ತುಸು ಕತ್ತರಿಸುತ್ತಾರೆ. "ಹೆಣ್ಣುಮಕ್ಕಳ ಹಾಗೆ ಕಿವಿ ಚುಚ್ಚಿಸಿಕೊಂಡಿದೆ" ಎಂದು ತಾಯಿ ಮೊದಲ ಬಾರಿಗೆ ಅದರ ಮೇಲೆ ಕರುಣೆ ತೋರಿದರು.

ಅಲ್ಲೂ ಬೀದಿನಾಯಿಗಳಿವೆಯೇ ಎಂಬುದು ರಾಯರ ಮುಂದಿನ ಪ್ರಶ್ನೆ. ಮಗಳು ಕಥೆ ಹೇಳಿದಳು. 1980ರ ದಶಕದಲ್ಲಿ ಚೌಸೆಸ್ಕು ಎಂಬ ಸರ್ವಾಧಿಕಾರಿ ರುಮೇನಿಯಾದ ರಾಜಧಾನಿ ಬುಕಾರೆಸ್ಟ್ ನಗರದಲ್ಲಿ ಹಿತ್ತಲು, ಅಂಗಳಗಳಿದ್ದ ಹಳೆಯ ಮನೆಗಳನ್ನು ಸಾಲುಸಾಲಾಗಿ ಕೆಡವಿಸಿ ಜನರನ್ನು ಅಪಾರ್ಟ್‌ಮೆಂಟ್‌ಗಳಿಗೆ ಅಟ್ಟಿದ. ಗೂಡಿನಂಥ ಆ ಮನೆಗಳಿಗೆ ನಾಯಿಯನ್ನು ಒಯ್ಯಲಾಗದೆ ಜನ ಬೀದಿಗೆ ಬಿಟ್ಟರು. ಅವುಗಳ ಮರಿಮಕ್ಕಳ ಸಾಲಿನಲ್ಲಿ ಮಿರ್ಚಿಯೂ ಒಂದು. ರಾಯರು ಏನೂ ಹೇಳದೆ ಪಕ್ಕದ ಸೈಟಿನ ಕಡೆ ನೋಡಿದರು. ಹೋದ ವರ್ಷದವರೆಗೆ ಅಲ್ಲಿ ಪಾರಿಜಾತದ ಮರವಿದ್ದ ಒಂದು ಹೆಂಚಿನ ಮನೆಯಿತ್ತು. ಈಗ ನಾಲ್ಕು ಅಂತಸ್ತು ಏಳುತ್ತಿದೆ. ಆ ಮನೆಯ ಟಾಮಿ ಈಗ ಟ್ರಾನ್ಸ್‌ಫಾರ್ಮರ್ ಪಕ್ಕದ ಮೂವರಲ್ಲಿ ಒಬ್ಬ. ನಮ್ಮಲ್ಲಿ ಇದಕ್ಕೆ ಸರ್ವಾಧಿಕಾರಿಯೂ ಬೇಕಾಗಲಿಲ್ಲ, ಬಿಲ್ಡರ್ ಸಾಕಾದ.

ಕರೆತಂದವಳು ಮಗಳು, ವಾಯುವಿಹಾರಕ್ಕೆ ಕರೆದೊಯ್ಯುವವನು ನಾನು. ಮಿರ್ಚಿಗೆ ಬರುತ್ತಿದ್ದುದು ಜರ್ಮನ್ ಮಾತ್ರ. ಕೂರು ಎನ್ನಲು ಸಿಟ್ಸ್, ಮಲಗು ಎನ್ನಲು ಪ್ಲಾಟ್ಸ್. ಮೂರನೆಯ ದಿನ ಪಾರ್ಕಿನ ಮೂಲೆಯಲ್ಲಿ ಮಿರ್ಚಿ ಒಂದು ಅಳಿಲನ್ನು ಕಂಡು ನನ್ನನ್ನು ದರದರನೆ ಎಳೆಯತೊಡಗಿತು. ನಾನು ಜೀವ ಕೈಯಲ್ಲಿ ಹಿಡಿದು "ಪ್ಲಾಟ್ಸ್! ಪ್ಲಾಟ್ಸ್!" ಎಂದು ಕೂಗಿದೆ. ಮಿರ್ಚಿ ಕಿವಿಗೇ ಹಾಕಿಕೊಳ್ಳಲಿಲ್ಲ. ಕಲ್ಲು ಬೆಂಚಿನಲ್ಲಿ ಪತ್ರಿಕೆ ಓದುತ್ತಿದ್ದವರೊಬ್ಬರು ಮಾತ್ರ ಥಟ್ಟನೆ ಎದ್ದು ಬಂದು, "ಕನಕಪುರ ರಸ್ತೆಯಲ್ಲಿದೆ ಸಾರ್, 30-40, ಪೂರ್ವ ದಿಕ್ಕು, ಖಾತೆ ಕ್ಲಿಯರ್" ಎಂದು ನನ್ನ ಜೊತೆಯಲ್ಲೇ ಓಡುತ್ತ ಕಾರ್ಡು ಕೊಟ್ಟರು. ಈಗಲೂ ವಾರಕ್ಕೆರಡು ಬಾರಿ ಫೋನ್ ಮಾಡುತ್ತಾರೆ. ಇಟ್ಟ ಬೆಲೆಯಲ್ಲಿ ಸ್ವಲ್ಪ ಇಳಿದಿದ್ದಾರೆ ಕೂಡ.

ಮನೆಯೊಳಗಿನ ದೊಡ್ಡ ಶತ್ರು ಕುಕ್ಕರ್. ಮೊದಲ ಕೂಗಿಗೆ ಮಿರ್ಚಿ ಮಂಚದ ಕೆಳಗೆ ಸೇರಿತು. ಎರಡನೆಯದಕ್ಕೆ ಬಚ್ಚಲಿಗೆ ಓಡಿತು. ಮೂರನೆಯದಕ್ಕೆ ತಾಯಿಯ ಮಡಿಬಟ್ಟೆಯ ಬುಟ್ಟಿಯೊಳಗೆ ಹಾರಿತು. ಆಮೇಲೆ ಮನೆಯಲ್ಲಿ ಕೂಗಿದ್ದು ಕುಕ್ಕರ್ ಅಲ್ಲ. ಹದಿನೈದು ದಿನ ನನ್ನಾಕೆ ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸಿದಳು. ಅಷ್ಟೂ ದಿನ ಸಾರಿನಲ್ಲಿ ಬೇಳೆ ಬೇರೆ, ನೀರು ಬೇರೆ. ಹದಿನಾರನೆಯ ದಿನ ಆಕೆ ಕುಕ್ಕರ್ ಇಟ್ಟು, ಮೂರನೆಯ ಕೂಗಿಗೆ ಸರಿಯಾಗಿ ಮಿರ್ಚಿಯ ಮುಂದೆ ಒಂದು ಹಿಡಿ ಮೊಸರನ್ನ ಹಾಕಿದಳು. ಒಂದು ವಾರ ಹೀಗೆ ನಡೆಯಿತು. ಅಲ್ಲಿಗೆ ಭಯ ಹೋಯಿತು, ಲೆಕ್ಕ ಬಂತು. ಎರಡನೆಯ ಕೂಗಿಗೆ ಎದ್ದು ಮೈ ಮುರಿಯುತ್ತಿತ್ತು, ಮೂರನೆಯದಕ್ಕೆ ಅಡುಗೆಮನೆಯ ಬಾಗಿಲಲ್ಲಿ ಹಾಜರು.

ಹೋದ ತಿಂಗಳು ಒಂದು ಸಂಜೆ ಸಿಲಿಂಡರ್ ತಂದ ಹುಡುಗ ಗೇಟು ಹಾಕದೆ ಹೋದ. ಅದೇ ಹೊತ್ತಿಗೆ ಕರೆಂಟು ಹೋಯಿತು. ಬೆಳಕು ಹುಡುಕಿ ನೋಡಿದರೆ ಮಿರ್ಚಿ ಇಲ್ಲ. ಮಗಳು ಕಚೇರಿಯಲ್ಲಿದ್ದಳು. ಅವಳು ಬರುವುದರೊಳಗೆ ಹುಡುಕದಿದ್ದರೆ ನಾನೂ ಆಶ್ರಯತಾಣ ನೋಡಿಕೊಳ್ಳಬೇಕಾಗುತ್ತಿತ್ತು.

ಬೇಕರಿಯ ಬಳಿ ಕತ್ತಲಲ್ಲಿ ನಿಂತು "ಮಿರ್ಚಿ! ಮಿರ್ಚಿ!" ಎಂದು ಕೂಗಿದೆ. ತಳ್ಳುಗಾಡಿಯ ಬಜ್ಜಿಯವನು ಎರಡನೆಯ ಮಾತಾಡದೆ ಒಂದು ಪ್ಲೇಟು ಕೈಗಿಟ್ಟ. ಬೇಡ ಎನ್ನುವಷ್ಟರಲ್ಲಿ ಬಿಳಿ ಬಾಲದ ತುದಿಯೊಂದು ಬಜ್ಜಿಯ ವಾಸನೆ ಹಿಡಿದು ನನ್ನ ಕಾಲ ಬಳಿಗೆ ಬಂತು. ಕಿವಿ ಮುಟ್ಟಿ ನೋಡಿದೆ. ಗುರುತಿತ್ತು. ಬೆಲ್ಟು ಹಾಕಿದೆ. ಆ ಕತ್ತಲೆಯಲ್ಲಿ ನನಗೆ ನನ್ನ ಮೇಲೇ ಅಭಿಮಾನ ಉಕ್ಕಿತು.

ಮನೆಗೆ ಬಂದ ಮಿರ್ಚಿ ತಟ್ಟೆಯ ಮೊಸರನ್ನವನ್ನು ಮೂರು ಬಾಯಿಗೆ ಮುಗಿಸಿ, ಲೈಪ್ಸಿಗ್‌ನಿಂದ ಬಂದ ಹಾಸಿಗೆಯ ಮೇಲೆ ಕಾಲು ಚಾಚಿ ಮಲಗಿತು. ತಾಯಿ ಎಮರ್ಜೆನ್ಸಿ ದೀಪ ಹಿಡಿದು ಬಂದು ಬಗ್ಗಿ ನೋಡಿದರು.

"ಇದು ನಮ್ಮದಲ್ಲ ಕಣೋ."

"ಕಿವಿಯಲ್ಲಿ ಗುರುತಿದೆಯಮ್ಮ."

"ನಮ್ಮದು ಕಿವಿ ಚುಚ್ಚಿಸಿಕೊಂಡದ್ದು. ಇದು ಕಿವಿ ಕತ್ತರಿಸಿಕೊಂಡದ್ದು."

ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಸಹಿ ತಾಳೆ ನೋಡಿದವನು ನಾನು. ನನ್ನಾಕೆ ನನ್ನ ಮುಖವನ್ನೊಮ್ಮೆ ನೋಡಿದಳು. ಏನೂ ಅನ್ನಲಿಲ್ಲ. ಒಳಗೆ ಹೋಗಿ ಮೇಣದ ಬತ್ತಿಯ ಬೆಳಕಿನಲ್ಲಿ ಅಕ್ಕಿ ತೊಳೆದು ಕುಕ್ಕರ್ ಇಟ್ಟಳು. ಬೀದಿಯಲ್ಲಿ ಟಿವಿಗಳಿಲ್ಲ, ಮಿಕ್ಸಿಗಳಿಲ್ಲ. ಮೊದಲ ಕೂಗು ಬೇಕರಿಯವರೆಗೂ ಕೇಳಿಸಿರಬೇಕು. ಎರಡನೆಯದಕ್ಕೆ ಎಲ್ಲೋ ಒಂದು ಬೊಗಳು. ಮೂರನೆಯದು ಮುಗಿಯುವ ಮುನ್ನ ಗೇಟು ಗಡಗಡ ಅಂದಿತು. ಚರಂಡಿಯ ಕೆಸರನ್ನು ಹೊಟ್ಟೆಯವರೆಗೂ ಮೆತ್ತಿಕೊಂಡ ರುಮೇನಿಯಾದ ಪ್ರಜೆ ನೇರವಾಗಿ ಅಡುಗೆಮನೆಗೆ ನುಗ್ಗಿ, ಬರಿದಾದ ತಟ್ಟೆಯನ್ನೂ ತನ್ನ ಹಾಸಿಗೆಯ ಮೇಲಿದ್ದವನನ್ನೂ ನೋಡಿ, ಕೊನೆಗೆ ನನ್ನನ್ನು ನೋಡಿತು. ಆ ನೋಟಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ.

ಈಗ ದಿನವೂ ಮೂರನೆಯ ಕೂಗಿಗೆ ಒಬ್ಬ ಅಡುಗೆಮನೆಯ ಬಾಗಿಲಲ್ಲಿ, ಒಬ್ಬ ಗೇಟಿನ ಹೊರಗೆ. ಹೊರಗಿನವನಿಗೆ ತಾಯಿ ಬಜ್ಜಿ ಎಂದು ಹೆಸರಿಟ್ಟಿದ್ದಾರೆ. ಆ ನೀಲಿ ಪುಸ್ತಕ ಇವನಿಗೂ ಮಾಡಿಸಲು ಎಷ್ಟಾಗುತ್ತದೆ ಎಂದು ನಿನ್ನೆ ಮೊಮ್ಮಗಳನ್ನು ಕೇಳುತ್ತಿದ್ದರು.