ಫೋಟೋ ಚೆನ್ನಾಗಿದೆ ಸ್ವಾಮಿ, ಪ್ಲೇಟಿನ ಗತಿ?

ಮಳೆ ಹಿಡಿದುಕೊಂಡಿತು ಅಂದ್ರೆ ಸಾಕು, ನಮ್ಮ ಚಿಕ್ಕಮಗಳೂರು ಕಡೆಯವರ ಟೈಮ್‌ಲೈನಿನಲ್ಲಿ ಎರಡೇ ಬೆಳೆ: ಅಣಬೆ ಮತ್ತು ಎಲ್‌ಪಿ, ಅಂದ್ರೆ ಸೂಜಿ ಇಟ್ಟು ಕೇಳೋ ಹಾಡಿನ ಪ್ಲೇಟು. "ಈಗ ಕೇಳುತ್ತಿರುವುದು" ಅಂತ ಒಂದು ಸಾಲು. ಕೆಳಗೆ ಕಿಟಕಿ, ಕಿಟಕಿಯಾಚೆ ಮಂಜು, ಒಂದು ಲೋಟ ಕಾಫಿ, ಪಕ್ಕದಲ್ಲಿ ತಿರುಗುತ್ತಿರುವ ಪ್ಲೇಟು. ಇರಲಿ, ನೋಡೋಕೆ ಚೆಂದ. ಆದರೆ ಇವತ್ತು ಬೆಳಿಗ್ಗೆ ಕಂಡ ಫೋಟೋವನ್ನು ದೊಡ್ಡದು ಮಾಡಿ ನೋಡಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ. ಪ್ಲೇಟಿನ ಅಂಚಿನಿಂದ ಮೂರು ಬೆರಳು ಒಳಗಿನವರೆಗೂ ಬಿಳಿ ಚುಕ್ಕೆ. ಬೂಷ್ಟು. ಅದರ ಮೇಲೇ ಸೂಜಿ ಓಡ್ತಾ ಇದೆ. ಕಾಮೆಂಟಲ್ಲಿ ಮಾತ್ರ "ಆಹಾ, ಆ ಕಾಲದ ನಾದವೇ ಬೇರೆ" ಅಂತ ಜೈಕಾರ.

ನೀವು ಏನು ಕೇಳ್ತೀರಿ ಅನ್ನೋದು ನಿಮ್ಮಿಷ್ಟ. ಭಾವಗೀತೆಯೋ, ಜಾಝೋ, ರಾಜ್‌ಕುಮಾರ್ ಸಿನಿಮಾದ 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು) ಇಪಿ ಅನ್ನೋ ಸಣ್ಣ ಪ್ಲೇಟೋ, ನನಗೇನು? ತಕರಾರು ಒಂದೇ. ಕೇಳ್ತೀನಿ ಅಂತ ತೋರಿಸೋ ಭರದಲ್ಲಿ ಪ್ಲೇಟನ್ನ ಕೊಲ್ಲಬೇಡಿ.

ಮೊದಲು ಫೋಟೋದಲ್ಲಿರೋ ಆ ಸೂಟ್‌ಕೇಸ್ ಪ್ಲೇಯರ್, ಪೆಟ್ಟಿಗೆಯ ಹಾಗೆ ಮುಚ್ಚೋ ಯಂತ್ರ. ಫೋಟೋಕ್ಕೆ ಹೇಳಿ ಮಾಡಿಸಿದ ಹಾಗಿದೆ, ಒಪ್ಪಿದೆ. ಆದರೆ ಅದರಲ್ಲಿರೋದು ಸೆರಾಮಿಕ್ ಕಾರ್ಟ್ರಿಜ್ (ಸೂಜಿ ಕೂರೋ, ಅದರ ಅಲುಗಾಟವನ್ನ ವಿದ್ಯುತ್ ಸಂಕೇತ ಮಾಡೋ ತುಂಡು). ಪ್ಲೇಟಿನ ಮೇಲೆ ಸೂಜಿ ಒತ್ತೋ ಭಾರ ಸಾಮಾನ್ಯವಾಗಿ 5 ಗ್ರಾಂ ಆಸುಪಾಸು, ಕಡಿಮೆ ಮಾಡೋಣ ಅಂದರೆ ತಿರುಪೂ ಇಲ್ಲ, ಹಿಂದೆ ತೂಕದ ಗುಂಡೂ ಇಲ್ಲ. ಒಳ್ಳೆ ಟರ್ನ್‌ಟೇಬಲ್‌ಗಳಲ್ಲಿರೋ ಸರಿಯಾದ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ ಬೇಕಾಗೋದು ಒಂದೂವರೆಯಿಂದ ಎರಡು ಗ್ರಾಂ. ಬಹಳಷ್ಟು ಅಗ್ಗದ ಪ್ಲೇಯರ್‌ಗಳಲ್ಲಿ ಸೂಜಿಯ ತುದಿ ವಜ್ರವೂ ಅಲ್ಲ, ನೀಲಮಣಿ. ಬೇಗ ಸವೆಯುತ್ತೆ. ಸವೆದ ಸೂಜಿ, ಪ್ಲೇಟಿನಲ್ಲಿ ಹಾಡು ಕೊರೆದ ಗೆರೆಯ ಗೋಡೆಯನ್ನ ಕೆರೆಯುತ್ತೆ. ಒಂದು ಸಲ ಕೆರೆದ ಗೋಡೆ ಯಾವ ಔಷಧಿಗೂ ಬರಲ್ಲ. ಹಾಗಂತ ಭಾರವನ್ನ ಒಂದು ಗ್ರಾಂಗಿಂತ ಕೆಳಗಿಳಿಸೋದೂ ಜಾಣತನ ಅಲ್ಲ. ಸೂಜಿ ಗೆರೆಯಲ್ಲಿ ಕೂರದೆ ಕುಣಿದು ಇನ್ನಷ್ಟು ಹಾಳುಮಾಡುತ್ತೆ.

ನಿಮ್ಮ ಸೂಜಿ ಹೇಗಿದೆ ಅಂತ ತಿಳಿಬೇಕಾ? ಮೊದಲ ಹಾಡು ಹಾಕಿ ರೀಲ್ಸ್ ಮಾಡೋದು ಬಿಟ್ಟು ಆ ಮಗ್ಗುಲಿನ ಕೊನೇ ಹಾಡು ಹಾಕಿ. ಲೇಬಲ್ ಹತ್ತಿರ ಬಂದಹಾಗೆ ಸುತ್ತು ಚಿಕ್ಕದು, ಸೂಜಿಯಡಿ ಗೆರೆ ಸಾಗೋ ವೇಗವೂ ಕಡಿಮೆ. ಅದೇ ಒಂದು ಸೆಕೆಂಡಿನ ಸದ್ದು ಇಕ್ಕಟ್ಟಾದ ಜಾಗದಲ್ಲಿ ಕೂತಿರುತ್ತೆ. 'ಸ', 'ಶ' ಬಂದಾಗ ಉಗುಳಿದ ಹಾಗೆ ಕೇಳಿದರೆ ಸೂಜಿ ಮುಗೀತು, ಇಲ್ಲಾ ಕಾರ್ಟ್ರಿಜ್ ಓರೆಯಾಗಿ ಕೂತಿದೆ.

ಬೂಷ್ಟಿನ ಸದ್ದೇ ಬೇರೆ. ಧೂಳಾದರೆ ಅಲ್ಲೊಂದು ಇಲ್ಲೊಂದು ಟಿಕ್. 33⅓ ಆರ್‌ಪಿಎಂ ಎಲ್‌ಪಿ ಒಂದು ಸುತ್ತು ಬರೋಕೆ 1.8 ಸೆಕೆಂಡ್. ಬೂಷ್ಟಿನ ಒಂದು ಮಚ್ಚೆ ಅಷ್ಟಷ್ಟು ಹೊತ್ತಿಗೆ ಸರಿಯಾಗಿ 'ಶ್ಶ್... ಶ್ಶ್...' ಅಂತ ಬರ್ತಾನೇ ಇರುತ್ತೆ. ತಾಳ ತಪ್ಪಲ್ಲ, ನಮ್ಮ ಕೆಲವು ಮೃದಂಗದವರಿಗಿಂತ ವಾಸಿ. ಅದು ಮುಖ್ಯವಾಗಿ ಬದುಕೋದು ಕಾಗದದ ಒಳಚೀಲ, ಅಂಟು ಮತ್ತು ನಿಮ್ಮ ಬೆರಳಿನ ಜಿಡ್ಡಿನ ಮೇಲೆ. ಪ್ಲೇಟು ತೊಳೆದು ಅದೇ ಹಳೇ ಚೀಲಕ್ಕೆ ಹಾಕಿದರೆ ಮೂಡಿಗೆರೆ, ಕೊಪ್ಪದ ಮಳೆಯಲ್ಲಿ ಮತ್ತೆ ಮೊದಲಿನ ಕಥೆ.

ತೊಳೆಯೋದು ದೊಡ್ಡ ವಿದ್ಯೆ ಏನಲ್ಲ. ಡಿಸ್ಟಿಲ್ಡ್ ವಾಟರ್ ಮುಕ್ಕಾಲು ಲೀಟರ್, ಐಸೊಪ್ರೊಪೈಲ್ ಆಲ್ಕೋಹಾಲ್ ಕಾಲು ಲೀಟರ್, ಬಣ್ಣ ವಾಸನೆ ಇಲ್ಲದ ಪಾತ್ರೆ ತೊಳೆಯೋ ದ್ರಾವಣ ಎರಡೇ ಹನಿ. ಸರ್ಜಿಕಲ್ ಸ್ಪಿರಿಟ್ ಬೇಡ, ಅದರಲ್ಲಿ ಎಣ್ಣೆಯಂಥ ಬೆರಕೆ ಇರಬಹುದು. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಅರಸೀಕೆರೆ, ಕಡೂರು ಕಡೆಯವರಿಗೆ ಬಕೆಟ್ಟಿನ ಅಂಚಲ್ಲಿ ಕೂರೋ ಬಿಳಿ ಪೊರೆ ಗೊತ್ತೇ ಇದೆ, ಅದು ಗೆರೆಯೊಳಗೂ ಕೂರುತ್ತೆ. ಮೊದಲು ಮನೆಯಿಂದ ಹೊರಗೆ, ಮಾಸ್ಕ್ ಹಾಕಿಕೊಂಡು ಒಣ ಬ್ರಷ್‌ನಲ್ಲಿ ಬೂಷ್ಟು ಉದುರಿಸಿ. ಒಳಗೇ ಉದುರಿಸಿದರೆ ಪಕ್ಕದ ಪ್ಲೇಟುಗಳಿಗೆ ದಾನ ಮಾಡಿದ ಹಾಗೆ. ಲೇಬಲ್ ಮೇಲೆ ಅಗಲಕ್ಕೆ ಸರಿಯಾದ ಡಬ್ಬಿ ಮುಚ್ಚಳ ಒತ್ತಿ ಹಿಡಿದು ದ್ರಾವಣ ಸವರಿ, ಒಂದು ನಿಮಿಷ ನೆನೆಯಲಿ. ಮೆತ್ತನೆ ಬ್ರಷ್ ಗೆರೆಯ ಗುಂಟವೇ ಸುತ್ತಬೇಕು, ಅಡ್ಡ ಉಜ್ಜಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ನೀರಲ್ಲಿ ಇನ್ನೊಮ್ಮೆ. ಇದನ್ನ ಬಿಟ್ಟರೆ ಸೋಪು ಒಣಗಿ ಸೂಜಿಯ ತುದಿಗೆ ಬೂದು ಉಂಡೆ ಕಟ್ಟುತ್ತೆ. ಪಾತ್ರೆ ಸ್ಟ್ಯಾಂಡಲ್ಲಿ ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಕಾಫಿ ಕಣದಲ್ಲಿ ಬಿಸಿಲಿಗೆ ಹರಡೋ ಮಹಾನುಭಾವರೂ ಇದ್ದಾರೆ. ಎಲ್‌ಪಿ ಮಾಡಿರೋ ವಿನೈಲ್ ಪ್ಲಾಸ್ಟಿಕ್ 60 ಡಿಗ್ರಿ ಆಸುಪಾಸಿಗೆ ಮೆತ್ತಗಾಗೋಕೆ ಶುರು, ಆಮೇಲೆ ಹಾಡು ಅಲೆ ಅಲೆಯಾಗೇ ಬರುತ್ತೆ. ಹೊಳಪಿಗೆ ಅಂತ ತೆಂಗಿನೆಣ್ಣೆ ಸವರೋರ ಬಗ್ಗೆ ಏನೂ ಹೇಳಲ್ಲ. ಬಿಪಿ ಇದೆ ನನಗೆ.

"ಅಯ್ಯೋ ಮಾರಾಯ್ರೆ, ನಾವು ಖುಷಿಗೆ ಕೇಳೋರು, ಇಷ್ಟೆಲ್ಲ ಲ್ಯಾಬೋರೇಟರಿ ಯಾಕೆ?" ಅಂತೀರಿ. ಖುಷಿಗೆ ಯೂಟ್ಯೂಬ್ ಇದೆಯಲ್ಲ, ಧಾರಾಳವಾಗಿ ಕೇಳಿ. ಅದನ್ನ ಎಷ್ಟು ಸಲ ಹಾಕಿದರೂ ಸವೆಯಲ್ಲ. ಎಲ್‌ಪಿಯೇ ಬೇಕು ಅಂತ ಹಟ ಹಿಡಿದ ಮೇಲೆ ಅದರ ಚಾಕರಿಯನ್ನೂ ಮಾಡಬೇಕು. ಮೊಬೈಲಲ್ಲಿ ಹಾಡು ಹಚ್ಚಿ ಮುಂದೆ ಪ್ಲೇಟು ತಿರುಗಿಸಿ ವಿಡಿಯೋ ಹಾಕೋರ ಮೇಲೂ ನನಗೆ ಸಿಟ್ಟಿಲ್ಲ ನೋಡಿ. ಸೂಜಿ ಮೇಲಿದ್ದರೆ ಪ್ಲೇಟು ಕ್ಷೇಮ.

ಒಳ್ಳೆ ಟರ್ನ್‌ಟೇಬಲ್ ಇರೋರು ಭಾರ ಹೊಂದಿಸೋದು ಐದು ನಿಮಿಷದ ಕೆಲಸ. ಆ್ಯಂಟಿ-ಸ್ಕೇಟ್ (ಆರ್ಮ್ ಒಳಗಡೆಗೆ ಎಳೆದುಕೊಳ್ಳದ ಹಾಗೆ ತಡೆಯೋ ತಿರುಪು) ಸೊನ್ನೆಗೆ ಇಡಿ. ಹಿಂದಿನ ಗುಂಡು ತಿರುಗಿಸುತ್ತಾ ಸೂಜಿ ಹೊತ್ತ ಆರ್ಮ್ ಗಾಳಿಯಲ್ಲಿ ಸಮನಾಗಿ ತೇಲೋ ಹಾಗೆ ಮಾಡಿ. ಗುಂಡು ಅಲ್ಲಾಡದ ಹಾಗೆ ಅಂಕಿಯ ಉಂಗುರ ಮಾತ್ರ ಸೊನ್ನೆಗೆ ತನ್ನಿ. ಆಮೇಲೆ ಎರಡನ್ನೂ ಒಟ್ಟಿಗೆ, ಕಾರ್ಟ್ರಿಜ್ ಕಂಪನಿ ಹೇಳಿದ ಗ್ರಾಂಗೆ ತಿರುಗಿಸಿ. ಆ್ಯಂಟಿ-ಸ್ಕೇಟ್ ಕೂಡ ಅದೇ ಅಂಕಿಗೆ. ಸದ್ದು ತೀರಾ ಕ್ಷೀಣ, ಬೇಸೇ ಇಲ್ಲ ಅಂದರೆ ಆಂಪ್ಲಿಫೈಯರಿನ ಆಕ್ಸ್ ತೂತಿಗೆ ನೇರ ಚುಚ್ಚಿದ್ದೀರಿ. ನಡುವೆ ಸದ್ದು ಹೆಚ್ಚಿಸಿ ಬೇಸ್ ಸರಿಮಾಡೋ ಫೋನೋ ಪ್ರಿಆಂಪ್ ಬೇಕು.

ಜೋಡಿಸಿಡುವಾಗ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಬೇಡ, ಓರೆಯಾಗಿ ಒರಗಿಸೋದೂ ಬೇಡ. ಮಳೆ ಹೊಡೆಯೋ ಹೊರಗೋಡೆಗೆ ತಾಗಿಸಬೇಡಿ, ಅಂಗೈ ಅಗಲ ಬಿಡಿ. ಪಾಲಿಥೀನ್ ಒಳಚೀಲ ಸರಿ. ಪಿವಿಸಿ ಚೀಲ ವರ್ಷಗಟ್ಟಲೆ ತಾಗಿದ್ದರೆ ಪ್ಲೇಟಿನ ಮೇಲೆ ಮಬ್ಬು ಬಿಡುತ್ತೆ. ಕಪಾಟಲ್ಲಿ ತೇವ ಹೀರೋ ಸಿಲಿಕಾ ಜೆಲ್ ಇಟ್ಟರೆ ಸಾಲದು. ನೀಲಿ ಹರಳು ಗುಲಾಬಿಯಾದಾಗ ಬಿಸಿ ಮಾಡಿ ಒಣಗಿಸದಿದ್ದರೆ ಅದು ಬರೀ ಅಲಂಕಾರ.

ಅಜ್ಜನ ಕಾಲದ 78 ಆರ್‌ಪಿಎಂ ಇರೋರಿಗೆ ಒಂದು ಮಾತು: ಮೇಲೆ ಹೇಳಿದ ದ್ರಾವಣ ಅದಕ್ಕೆ ಮುಟ್ಟಿಸಬೇಡಿ. ಅದು ಅರಗು, ಆಲ್ಕೋಹಾಲ್ ಅದನ್ನ ಕರಗಿಸುತ್ತೆ. ಎಲ್‌ಪಿ ಸೂಜಿಯೂ ಆಗಲ್ಲ, ಆ ಅಗಲದ ಗೆರೆಯ ತಳದಲ್ಲಿ ಕಸ ಗುಡಿಸಿಕೊಂಡು ಹೋಗುತ್ತೆ. ತುದಿ ಸುಮಾರು 3 ಮಿಲ್ (ಒಂದು ಮಿಲ್ ಅಂದರೆ ಇಂಚಿನ ಸಾವಿರದ ಒಂದು ಭಾಗ) ಇರೋ ಸೂಜಿ ಬೇಕು, ಎಲ್‌ಪಿಯದ್ದು 0.7ರ ಹತ್ತಿರ.

ಮತ್ತೆ, ಹಾಕೋದೇ ಆದರೆ ಕವರಿನ ಹಿಂಬದಿಯ ಫೋಟೋನೂ ಹಾಕಿ. ನಮ್ಮ ಹಾಸನ ಜಿಲ್ಲೆಯ ರುದ್ರಪಟ್ಟಣದ ಕರ್ನಾಟಕ ಸಂಗೀತ ಗಾಯಕ ಆರ್.ಕೆ. ಶ್ರೀಕಂಠನ್ ಕಛೇರಿ ಅಂತ ಹಾಕಿ, ಪಿಟೀಲು ಯಾರು, ಮೃದಂಗ ಯಾರು ಅಂತ ಹೇಳದಿದ್ದರೆ ಅದು ಎಂಥ ಹಂಚಿಕೆ? ಕಾಫಿ ಲೋಟ ಕಾಣುತ್ತೆ, ಪಕ್ಕವಾದ್ಯದವರು ಕಾಣಲ್ಲ.

ಬೂಷ್ಟಿನ ಪ್ಲೇಟಿನವರು ಬೇಜಾರಾಗಿದ್ದರೆ ಅನ್‌ಫ್ರೆಂಡ್ ಮಾಡಿ. ಅದಕ್ಕೂ ಮುಂಚೆ ಆ ಸೂಜಿ ಎತ್ತಿ.